ತಯಾರಿ ಕೊಡ್ಲಿ, ಹಿಡಿತ ಬಿಡೋದು ಬೇಡ

ರಾಕೆಟ್ ಹಾರಿಸೋದನ್ನೆಲ್ಲ ಪ್ರೈವೇಟ್‌ನವ್ರಿಗೆ ಕೊಟ್ಟು ಇಸ್ರೋ ಬರೀ ಸಂಶೋಧನೆ ಮಾಡ್ಲಿ ಅಂತ ಬರ್ದಿದೀರಲ್ಲ ಸರ್, ಅರ್ಧ ಒಪ್ತೀನಿ. ಅಮೆರಿಕದಲ್ಲಿ ಗಗನಯಾತ್ರಿಗಳನ್ನ ಕರ್ಕೊಂಡು ಹೋಗ್ತಿದ್ದ ಶಟಲ್ ನೌಕೆ 2011ಕ್ಕೆ ನಿಂತ್ಮೇಲೆ 2020ರ ತನಕ ರಷ್ಯಾದ ಸೋಯುಜ್ ನೌಕೆನಲ್ಲಿ ಸೀಟು ಕೊಂಡು ಹೋಗ್ತಿದ್ರು, ಆಮೇಲೆ ಸ್ಪೇಸ್‌ಎಕ್ಸ್ ಅನ್ನೋ ಪ್ರೈವೇಟ್ ಕಂಪನಿ ಆ ಕೆಲ್ಸ ಮಾಡ್ತು ನಿಜ, ಆದ್ರೆ ದುಡ್ಡು ಹಾಕಿ ಬೆನ್ನಿಗೆ ನಿಂತಿದ್ದು ಅಲ್ಲಿನ ಸರ್ಕಾರಿ ಸಂಸ್ಥೆ ನಾಸಾನೇ ತಾನೆ? ನಮ್ಮಲ್ಲೂ 2022ರಲ್ಲಿ ಸ್ಕೈರೂಟ್ ಅನ್ನೋ ಪ್ರೈವೇಟ್ ಕಂಪನಿಯೋರು ವಿಕ್ರಮ್-ಎಸ್ ರಾಕೆಟ್ ಹಾರಿಸಿದ್ದು ಇಸ್ರೋದ ಶ್ರೀಹರಿಕೋಟಾದಿಂದ್ಲೇ, ತುಂಬಾ ಖುಷಿ ಆಯ್ತು. ಆದ್ರೆ ಹವಾಮಾನ ಉಪಗ್ರಹ ಲಾಭ ನೋಡ್ಕೊಂಡು ಕಳ್ಸೋದಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಿದ್ದು ನೋಡಿರೋ ನಮ್ಮ ಕೊಡಗಿನೋರಿಗೆ ಮೋಡದ ಚಿತ್ರ ಎಷ್ಟು ಮುಖ್ಯ ಅಂತ ಗೊತ್ತು, ಜಾಸ್ತಿ ದುಡ್ಡು ಕೊಡೋ ಗಿರಾಕಿ ಮೊದ್ಲು ಅಂತ ಕಂಪನಿಯೋರು ಆ ಉಪಗ್ರಹನ ಹಿಂದಕ್ಕೆ ಹಾಕಿದ್ರೆ ಕೇಳೋರು ಯಾರು? ಪಿಎಸ್‌ಎಲ್‌ವಿ ರಾಕೆಟ್ ತಯಾರಿ ಬೇಕಾದ್ರೆ ಹೊರಗೆ ಕೊಡ್ಲಿ, ಹವಾಮಾನ ಉಪಗ್ರಹ ಹೊತ್ಕೊಂಡು ಹೋಗೋ ಜಿಎಸ್‌ಎಲ್‌ವಿ ರಾಕೆಟ್ ಇಸ್ರೋ ಕೈಲೇ ಇರ್ಲಿ.