ಬಸ್ಸಿಗೆ ಎಫ್‌ಸಿ, ಡ್ರೈವರಿಗೆ ಬರೀ ಕಣ್ಣು-ಕಿವಿ

2024ರ ನವೆಂಬರಿನ ಆ ವಿಡಿಯೊ ಲಂಡನ್ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೂ ಬಂತು. ನೆಲಮಂಗಲದ ಕಡೆಯ ಬಿಎಂಟಿಸಿ ಬಸ್ಸಿನಲ್ಲಿ ಡ್ರೈವರ್ ಸೀಟಲ್ಲೇ ಕುಸಿದರು, ಕಂಡಕ್ಟರ್ ಜಿಗಿದು ಬಸ್ ನಿಲ್ಲಿಸಿದರು. ಕಂಡಕ್ಟರಿಗೆ ಚಪ್ಪಾಳೆಯೋ ಚಪ್ಪಾಳೆ. ಡ್ರೈವರಿನ ಬಿಪಿ ಯಾವತ್ತು ನೋಡಿದ್ದರು ಅಂತ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ.

ಇಲ್ಲಿ ಬ್ರಿಟನ್ನಿನಲ್ಲಿ ಅದನ್ನು ಬಸ್ ಲೈಸೆನ್ಸ್ ಕೊಡುವವರೇ ಕೇಳುತ್ತಾರೆ. ಮೊದಲ ಅರ್ಜಿಗೊಮ್ಮೆ, 45 ಆದ ಮೇಲೆ ಐದು ವರ್ಷಕ್ಕೊಮ್ಮೆ, 65ರ ನಂತರ ವರ್ಷವರ್ಷ ಡಾಕ್ಟರ ವರದಿ ಬೇಕು. ಬಿಪಿಯ ಮೇಲಿನ ಅಂಕಿ 180, ಇಲ್ಲವೇ ಕೆಳಗಿನದು 100 ಬಿಟ್ಟು ಇಳಿಯದಿದ್ದರೆ ಬಸ್ ಮುಟ್ಟುವಂತಿಲ್ಲ. ಇನ್ಸುಲಿನ್ ತಗೊಳ್ಳುವವರು ಹೊರಡುವ ಮುಂಚಿನ ಎರಡು ಗಂಟೆಯೊಳಗೆ, ಆಮೇಲೆ ಎರಡೆರಡು ಗಂಟೆಗೆ ರಕ್ತದ ಸಕ್ಕರೆ ನೋಡಬೇಕು. ಅದು ನಮ್ಮ ಲೆಕ್ಕದ (mg/dL) 90ಕ್ಕೆ ಇಳಿದಿದ್ದರೆ ಏನಾದರೂ ತಿನ್ನಬೇಕು.

ಭಾರತದಲ್ಲಿ ಲೈಸೆನ್ಸಿಗೆ ಡಾಕ್ಟರು ತುಂಬಿಕೊಡುವ ನಮ್ಮ ಫಾರಂ 1ಎ ಕೇಳುವುದು ಕಣ್ಣು, ಕಿವಿ, ಕೈಕಾಲು, ಕೆಂಪು-ಹಸಿರಿನ ಗುರುತು. ಬಿಪಿ ಬರೆಯಲು ಅದರಲ್ಲಿ ಕಲಮೇ ಇಲ್ಲ. ಎಂಟು ವರ್ಷ ದಾಟಿದ ಬಸ್ಸಿಗಾದರೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಓಡಲು ಯೋಗ್ಯವೇ ಅನ್ನುವ ತಪಾಸಣೆ, ಆಗಲೇಬೇಕು.

ಇನ್ನು ಮಾತ್ರೆಯ ಪಾಡು. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಬೆಳಿಗ್ಗೆ 6ರ ಟ್ರಿಪ್ಪಿಗೆ ಮುಂಚೆ ನುಂಗಿದವನಿಗೆ 8ರ ಹೊತ್ತಿಗೆ ಜಾಗ ಬೇಕಾಗುತ್ತದೆ. ಬಸ್ ಎಲ್ಲಿ ನಿಲ್ಲಿಸುತ್ತಾನೆ? ಹಾಗಾಗಿ ಡ್ಯೂಟಿ ದಿನ ಮಾತ್ರೆಗೆ ರಜೆ, ನೀರಿಗೂ ರಜೆ. ಸಕ್ಕರೆ ಕಾಯಿಲೆಯವರದು ಬೇರೆ ತೊಂದರೆ. ತಿಂಡಿಯ ಲೆಕ್ಕದಲ್ಲಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿರುತ್ತಾರೆ, ತಿಂಡಿ ಟ್ರಾಫಿಕ್ಕಿನಲ್ಲಿ 10 ಗಂಟೆಗೆ ಹೋಗುತ್ತದೆ. ನಡುವೆ ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರು ಬಂದರೆ ಎಂಜಿನ್ ಕಾವು ಅಂದುಕೊಂಡು ಓಡಿಸುತ್ತಲೇ ಇರುತ್ತಾರೆ. ಡ್ಯೂಟಿಯ ಹೊತ್ತು ಹೇಳಿದರೆ ಡಾಕ್ಟರು ಬೇರೆ ಮಾತ್ರೆಯನ್ನೋ ಬೇರೆ ಹೊತ್ತನ್ನೋ ಬರೆದುಕೊಡಬಲ್ಲರು. ಆರೋಗ್ಯ ಶಿಬಿರದ ಸಾಲಿನಲ್ಲಿ ಅದನ್ನು ಕೇಳುವ ಪುರುಸೊತ್ತು ಯಾರಿಗೆ? ಬಿಪಿ ನೋಡುವುದೂ ಗಡಿಬಿಡಿಯಲ್ಲೇ. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿಟ್ಟು, ಎರಡು ಸಲ ನೋಡಬೇಕು. ಈಗಷ್ಟೇ ಟೀ ಕುಡಿದು ಮೂತ್ರ ತಡೆದುಕೊಂಡು ನಿಂತವನಿಗೆ ಪಟ್ಟಿ ಸುತ್ತಿದರೆ ಬರುವ ಅಂಕಿ ಅವನದಲ್ಲ.

ಜಯದೇವ ಆಸ್ಪತ್ರೆಯ ಜತೆ ಸೇರಿ ನಮ್ಮ ಸಾರಿಗೆ ನಿಗಮಗಳು ನೌಕರರ ಹೃದಯ ತಪಾಸಣೆ ಶುರುಮಾಡಿವೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಬಸ್ ಹಾದಿಯ ಕೊನೆಯಲ್ಲಿ ಶೌಚಾಲಯ ಕೊಡಿ ಅಂತ ಲಂಡನ್ ಡ್ರೈವರುಗಳೂ ಜಗಳಾಡಿದವರೇ. ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಡಬಲ್ ಡೆಕ್ಕರ್ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದಯಾಘಾತ ಹೆಚ್ಚು ಅಂತ ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿಕೊಟ್ಟದ್ದು ಇದೇ ಊರಿನ ಬಸ್ಸುಗಳಲ್ಲಿ. ಆ ಕಂಡಕ್ಟರನ್ನೇ ಲಂಡನ್ನಿನವರು ಬಸ್ಸಿನಿಂದ ಇಳಿಸಿಬಿಟ್ಟರು. ಇಲ್ಲಿ ಡ್ರೈವರ್ ಕುಸಿದರೆ ಜಿಗಿದು ಬರಲು ಯಾರಿದ್ದಾರೆ? ನಮ್ಮಲ್ಲಿ "ಒಳಗ್ ಹೋಗ್ರೀ" ಅನ್ನುತ್ತಾ ತೂರಿಕೊಂಡು ಓಡಾಡುವವರು ಇನ್ನೂ ಇದ್ದಾರೆ. ಆದರೆ ಕೆಲವು ನಾನ್‌ಸ್ಟಾಪ್ ಬಸ್ಸುಗಳಲ್ಲಿ ಟಿಕೆಟ್ ಮಷಿನ್ ಆಗಲೇ ಡ್ರೈವರ್ ಕೈಗೆ ಬಂದಿದೆ.