ಖಂಭಾತ್ ಕೊಲ್ಲಿಯ ‘ಮುಳುಗಿದ ನಗರ’: ಒಂದು ಸ್ಪಷ್ಟನೆ

ಗುಜರಾತಿನ ಖಂಭಾತ್ ಕೊಲ್ಲಿಯ ತಳದಲ್ಲಿ 9,500 ವರ್ಷ ಹಳೆಯ ನಗರ ಸಿಕ್ಕಿದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸಾಬೀತಾಗಿಲ್ಲ.

2001ರಲ್ಲಿ ಸುದ್ದಿಯಾದದ್ದು ಸೋನಾರ್ ಚಿತ್ರಗಳು, ಅಂದರೆ ಶಬ್ದದ ಅಲೆಗಳನ್ನು ಕಳಿಸಿ ಸಮುದ್ರತಳದ ಆಕಾರ ತೋರಿಸುವ ಚಿತ್ರಗಳು. ಆಮೇಲೆ ತಳದಿಂದ ಒಂದಿಷ್ಟು ವಸ್ತುಗಳನ್ನು ಬಾಚಿ ಮೇಲೆತ್ತಿದರು. ಆ 9,500 ವರ್ಷ ಅದರಲ್ಲಿದ್ದ ಒಂದು ಮರದ ತುಂಡಿನ ವಯಸ್ಸು, ಅಷ್ಟೇ. ಅದು ಯಾವ ಮನೆಯ ಗೋಡೆಯಿಂದಲೂ ಅಗೆದು ತೆಗೆದದ್ದಲ್ಲ. ಇಲ್ಲಿಯ ಉಬ್ಬರವಿಳಿತ ಬಹಳ ಜೋರು. ಮರ, ಮಡಕೆ ಚೂರು ಎಲ್ಲಿಂದ ಎಲ್ಲಿಗೋ ಉರುಳುತ್ತವೆ. ನದಿಯಲ್ಲಿ ತೇಲಿ ಬಂದ ಮರವೂ ಆಗಿರಬಹುದು ಅಲ್ವಾ? ಅದರ ವಯಸ್ಸನ್ನು ಸುಮ್ನೆ ಒಂದು ನಗರಕ್ಕೆ ಅಂಟಿಸುವುದು ತಪ್ಪು.

ಇದೇ ಕೊಲ್ಲಿಯ ಬಳಿ ಲೋಥಲ್ ಇದೆ. ಕನ್ನಡಿಗ ಪುರಾತತ್ವಜ್ಞ ಎಸ್.ಆರ್. ರಾವ್ 1955ರಿಂದ ಪದರ ಪದರವಾಗಿ ಅಗೆಸಿದ ಹರಪ್ಪ ಕಾಲದ ಊರು. ಹೆಮ್ಮೆಪಡಲು ಅದು ಸಾಲದೇ?