ಎರಡೂ ಕಡೆ ಜಿಸಿಸಿಯೇ, ಆದರೂ ಪಂಪ್ ಓಡಲಿಲ್ಲ

‘ಜಿಸಿಸಿಯಲ್ಲಿ ವಾರ್ನಿಂಗ್ ಇಲ್ಲದೆ ಕಂಪೈಲ್ ಆದರೆ ಲೈಬ್ರರಿ ಎಲ್ಲ ಕಡೆ ನಡೆಯುತ್ತದೆ’ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಈ ಮಾತು ಒಪ್ಪಲಾರೆ. (ಜಿಸಿಸಿ ಎಂದರೆ ಸಿ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ, ಅಂದರೆ ಕಂಪೈಲ್ ಮಾಡುವ ಕಂಪೈಲರ್; ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್.) ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಗೆ, ಮಣ್ಣಿನ ತೇವ ನೋಡಿ ಪಂಪ್ ಹಾಕುವ ಪುಟ್ಟ ಸಿ ಲೈಬ್ರರಿ ಬರೆದು ಓಪನ್ ಸೋರ್ಸ್ ಮಾಡಿದ್ದೆ. ಸೆನ್ಸರ್ ಉತ್ತರ ಕೊಡದಿದ್ದರೆ -1. ಅದನ್ನು ಸಿ ಭಾಷೆಯ ಒಂದು ಬೈಟ್‌ನ ಟೈಪ್ ಆದ ಬರೀ ಚಾರ್‌ನಲ್ಲಿ ಇಟ್ಟಿದ್ದೆ. ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಒಂದೂ ವಾರ್ನಿಂಗ್ ಬರಲಿಲ್ಲ, ಕೆಲಸವೂ ಸರಿಯಾಗಿತ್ತು. ರಾಸ್ಪ್‌ಬೆರಿ ಪೈ ಎಂಬ, ಆರ್ಮ್ ಚಿಪ್ ಇರುವ ಪುಟ್ಟ ಕಂಪ್ಯೂಟರ್‌ಗೆ ಹಾಕಿದ ಮೇಲೆ ಒಂದು ದಿನ ಸೆನ್ಸರ್ ವೈರ್ ಕಿತ್ತುಹೋಯಿತು. -1 ಅಲ್ಲಿ 255 ಆಗಿ, ಗದ್ದೆ ಒದ್ದೆಯಿದೆ ಎಂದುಕೊಂಡು ಪಂಪ್ ಸುಮ್ಮನಾಯಿತು. ಗರಿ ಸುರುಳಿ ಸುತ್ತಿಕೊಂಡಾಗಲೇ ನಮಗೆ ಗೊತ್ತಾಗಿದ್ದು. ನೋಡಿ, ಎರಡೂ ಕಡೆ ಜಿಸಿಸಿಯೇ! ಬರೀ ಚಾರ್‌ನಲ್ಲಿ ಋಣ ಸಂಖ್ಯೆ ಹಿಡಿಸುತ್ತದೆಯೇ ಇಲ್ಲವೇ ಎಂಬುದನ್ನು ಸಿ ಭಾಷೆಯ ಸ್ಟ್ಯಾಂಡರ್ಡ್ ಕಂಪೈಲರ್‌ಗೇ ಬಿಟ್ಟಿದೆ. ಲಿನಕ್ಸ್‌ನಲ್ಲಿ ಎಕ್ಸ್86ಗೆ (ಇಂಟೆಲ್ ಲ್ಯಾಪ್‌ಟಾಪ್‌ನ ಚಿಪ್ ಬಗೆ) ಹಿಡಿಸುತ್ತದೆ, ಆರ್ಮ್‌ಗೆ ಇಲ್ಲ. ಋಣ ಸಂಖ್ಯೆ ಎಲ್ಲ ಕಡೆ ಹಿಡಿಸುವ ‘ಸೈನ್ಡ್ ಚಾರ್’ ಎಂದು ತಿದ್ದಿದೆ, ಸರಿಹೋಯಿತು. ಲಾಂಗ್ ಎಂಬ ಪೂರ್ಣಾಂಕ ಟೈಪ್ ಕೂಡ ಹಾಗೇ: 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4. ಲೈಬ್ರರಿ ನೋಡಿಕೊಳ್ಳುವವರು ಬಿಡುಗಡೆಗೆ ಮುಂಚೆ ಒಂದು ಆರ್ಮ್ ಬೋರ್ಡ್, ಒಂದು ವಿಂಡೋಸ್ ಯಂತ್ರದಲ್ಲಾದರೂ ಟೆಸ್ಟ್ ಓಡಿಸಿ, ದಯವಿಟ್ಟು.